ಮೂರನೆಯ ಕಿಟಕಿಯ ನೇರಕ್ಕೆ

ಹಿತಾಳಿಗೆ ಒಂದು ಸಣ್ಣ ಚಿಂತೆ ಹತ್ತಿಕೊಂಡಿತ್ತು. ದೊಡ್ಡದಾಗಿದ್ದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದಿತ್ತು. ಇದು ಕೇಳಿದವರು ನಕ್ಕು ಮರೆತುಬಿಡುವಷ್ಟು ಸಣ್ಣದು. ಹಾಗಾಗಿ ಊಟದ ಬಿಡುವಿನಲ್ಲಿ ಮಾಸ್ ನದಿಯ ದಂಡೆಯ ಬೆಂಚಿನ ಮೇಲೆ ಕೂತು, ಬ್ರೆಡ್ಡಿನ ಪೊಟ್ಟಣ ಬಿಚ್ಚುವ ಮೊದಲು ಡೈರಿ ಬಿಚ್ಚಿದಳು.

"ಇವತ್ತೂ ಹೇಳಿಬಿಟ್ಟೆ. ಹೇಳಬಾರದು ಅಂತ ಬೆಳಿಗ್ಗೆ ಅಂದುಕೊಂಡೇ ಹೋಗಿದ್ದೆ."

ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಇದರಿಂದ ಏನೂ ಆಗಲಿಕ್ಕಿಲ್ಲ." ತನ್ನ ಡೈರಿಗೆ ತಾನೇ ಸಮಾಧಾನ ಹೇಳುವುದು ಅವಳಿಗೆ ಹೈಸ್ಕೂಲಿನಿಂದ ಬಂದ ಅಭ್ಯಾಸ.

ಅದು ತೊಂಬತ್ತೊಂಬತ್ತರ ಏಪ್ರಿಲ್ ತಿಂಗಳು. ಹಿತಾ ಡಚ್ಚರ ನಾಡಿನ ಮಾಸ್ಟ್ರಿಕ್ಟ್‌ಗೆ ಬಂದು ಎಂಟು ತಿಂಗಳಾಗಿತ್ತು. ಅವಳು ಗದಗಿನವಳು, ತಂದೆ ಬಸವಂತಪ್ಪ ಅಲ್ಲಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರು. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಮುಗಿಸಿದ ಮೇಲೆ, ಮನುಷ್ಯರ ನಡಿಗೆಯ ಬಗ್ಗೆ ನಾಲ್ಕು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆಯುವ ಹುದ್ದೆಯೊಂದಕ್ಕೆ ಅರ್ಜಿ ಹಾಕಿದ್ದಳು. ಆಯ್ಕೆಯಾಗುತ್ತೇನೆಂದು ಅವಳಿಗೇ ನಂಬಿಕೆ ಇರಲಿಲ್ಲ. ಇಲ್ಲಿ ಡಾಕ್ಟರೇಟ್ ಮಾಡುವವರು ವಿದ್ಯಾರ್ಥಿಗಳಲ್ಲ, ನೌಕರರು. ತಿಂಗಳು ತಿಂಗಳು ಸಂಬಳ ಬರುತ್ತದೆ. ಗದಗಿನ ಓಣಿಯಲ್ಲಿ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಬಸವಂತಪ್ಪನವರಿಗೆ ಸಾಕುಸಾಕಾಗಿತ್ತು. "ಓದಾಕ ಪಗಾರ ಕೊಡ್ತಾರಂತ? ಯಾವ ದೇಶಾರೀ ಅದು?" ಎಂದು ಪಕ್ಕದ ಮನೆಯ ಇಂದಿರಮ್ಮ ಮೂರು ಸಲ ಕೇಳಿದ್ದರಂತೆ. ಹುದ್ದೆಯ ಹೆಸರನ್ನು ಇಲ್ಲಿಯವರು ಮೂರಕ್ಷರಕ್ಕೆ ಇಳಿಸಿ 'ಆ-ಈ-ಓ' ಅನ್ನುತ್ತಿದ್ದರು. ಮೈಸೂರಿನಿಂದ ಬಂದು ಈ ದೇಶದಲ್ಲೇ ಕೆಲಸಕ್ಕಿದ್ದ ಗೆಳತಿ ನಾಗಮಣಿ ಅದನ್ನು ಕೇಳಿದ ದಿನದಿಂದ ಫೋನೆತ್ತಿದರೆ ಸಾಕು, "ಏನಮ್ಮಾ ಅಯ್ಯೋ, ಹೇಗಿದ್ದೀಯಾ?" ಎಂದೇ ಶುರು ಮಾಡುತ್ತಿದ್ದಳು.

ಆದರೆ ಆ ನಾಲ್ಕು ವರ್ಷದಲ್ಲಿ ಮೊದಲನೆಯದು ಪರೀಕ್ಷೆಯ ವರ್ಷ. ಅದು ಮುಗಿಯುವ ಮೊದಲು ಮೂವರ ಸಮಿತಿ ಕೂತು, ಇವಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಬೇಕೆಂದರೆ ಇನ್ನು ಮೂರು ವರ್ಷಕ್ಕೆ ಸಹಿ. ಬೇಡವೆಂದರೆ ಪೆಟ್ಟಿಗೆ ಕಟ್ಟುವುದು.

ಅವಳ ಪಾಲಿಗೆ ಬಂದ ಕೆಲಸ ಇದು. ಎಪ್ಪತ್ತು ದಾಟಿದ ನಲವತ್ತು ಜನ, ಅವರಲ್ಲಿ ಅರ್ಧ ಜನ ಕಳೆದ ಒಂದು ವರ್ಷದಲ್ಲಿ, ಕಾರಣವಿಲ್ಲದೆ, ಮನೆಯಲ್ಲೋ ಬೀದಿಯಲ್ಲೋ ಒಮ್ಮೆಯಾದರೂ ಬಿದ್ದವರು, ಇನ್ನರ್ಧ ಬೀಳದವರು. ಬಿದ್ದವರ ನಡಿಗೆಯಲ್ಲಿ ಬೀಳದವರಲ್ಲಿಲ್ಲದ್ದು ಏನಾದರೂ ಇದೆಯೇ? ಇದ್ದರೆ, ಮುಂದೆ ಬೀಳಲಿರುವವರನ್ನು ಬೀಳುವ ಮೊದಲೇ ಗುರುತಿಸಬಹುದು.

ಪ್ರಯೋಗಶಾಲೆಯಲ್ಲಿ ಹತ್ತು ಮೀಟರ್ ಉದ್ದದ ನಡೆದಾರಿ. ಅದರ ನಡುವೆ, ಬೂದುಬಣ್ಣದ ಲಿನೋಲಿಯಂ ಹಾಸಿನ ಕೆಳಗೆ, ಊಟದ ಮಣೆಗಿಂತ ತುಸು ದೊಡ್ಡದಾದ ಒಂದು ಲೋಹದ ಹಲಗೆ. ನಡೆಯುವವರ ಪಾದ ಅದರ ಮೇಲೆ ಬಿದ್ದಾಗ ಎಷ್ಟು ಭಾರ, ಯಾವ ಕಡೆಗೆ ಎಂದು ಅದು ಅಳೆಯುತ್ತದೆ. ಕಾಲಿಗೆ ಅಂಟಿಸಿದ ಹೊಳೆಯುವ ಪುಟ್ಟ ಗುಂಡುಗಳನ್ನು ಗೋಡೆಯ ಕ್ಯಾಮೆರಾಗಳು ಹಿಡಿಯುತ್ತವೆ. ಅರ್ಧ ಪಾದ ಬಿದ್ದರೆ ಲೆಕ್ಕಕ್ಕಿಲ್ಲ, ಪೂರ್ತಿ ಬೀಳಬೇಕು. ಅಂಥ ಐದು ನಡಿಗೆ ಸಿಗಬೇಕು. ಆದರೆ ಹಲಗೆ ಎಲ್ಲಿದೆ ಎಂದು ನಡೆಯುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಅದಕ್ಕೆ ಗುರಿಯಿಟ್ಟು ನಡೆಯುತ್ತಾರೆ, ಅದು ಅವರ ನಡಿಗೆಯಾಗಿ ಉಳಿಯುವುದಿಲ್ಲ. ಪಾದ ತಪ್ಪಿದರೆ ಹೊರಡುವ ಗೆರೆಯನ್ನು ಒಂದು ಗೇಣು ಹಿಂದೆ ಮುಂದೆ ಮಾಡಿ, ಮತ್ತೆ ನಡೆಸಬೇಕು. ತಾನಾಗಿ ಬೀಳುವವರೆಗೂ ನಡೆಸುತ್ತಲೇ ಇರಬೇಕು.

ನಿಯಮ ಹಿತಾಳಿಗೆ ಬಾಯಿಪಾಠವಾಗಿತ್ತು. ಅದು ಮೊದಲು ಮುರಿದದ್ದು ಫೆಬ್ರುವರಿಯಲ್ಲಿ, ಮೆವ್ರೌ ಸ್ಮೇಟ್ಸ್ ಬಂದ ದಿನ.

ಮೆವ್ರೌ ಎಂದರೆ ಇಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಮೆವ್ರೌ ಸ್ಮೇಟ್ಸ್‌ಗೆ ಎಪ್ಪತ್ತೊಂಬತ್ತು. ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟಲುಗಳ ಅಂಚಿಗೆ ಬಣ್ಣದ ಗೆರೆ ಎಳೆದವರು. ನವೆಂಬರಿನಲ್ಲಿ ಅಡಿಗೆಮನೆಯಲ್ಲಿ ಬಿದ್ದಿದ್ದರು. ಬರುವಾಗ ಒಂದು ಗಾಜಿನ ತಟ್ಟೆಯಲ್ಲಿ ಅರ್ಧ ಚೆರ್ರಿ ವ್ಲಾಯ್ ತಂದಿದ್ದರು. ಈ ಊರಿನವರು ಯಾರ ಮನೆಗೆ ಹೋಗುವುದಿದ್ದರೂ ಒಯ್ಯುವ ಹಣ್ಣಿನ ತಿಂಡಿ ಅದು.

ಅವರ ಕಣಕಾಲಿಗೆ ಗುಂಡು ಅಂಟಿಸಿ ಎದ್ದು ಹಿಂದೆ ಸರಿಯುವಾಗ ಹಿತಾಳ ಕಾಲು ಅವರ ಕಾಲಿಗೆ ತಾಗಿತು. ಅವಳು ಥಟ್ಟನೆ ಬಗ್ಗಿ, ಅವರ ಪಾದ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಮಾಡಿದ್ದು ಅವಳ ಗಮನಕ್ಕೇ ಬರಲಿಲ್ಲ.

"ಇದೂ ಪರೀಕ್ಷೆಯಲ್ಲಿ ಬರುತ್ತಾ?" ಮೆವ್ರೌ ಸ್ಮೇಟ್ಸ್ ಕೇಳಿದರು.

"ಯಾವುದು?"

"ಕಾಲು ಮುಟ್ಟಿ ಕಣ್ಣು ಮುಟ್ಟಿದೆಯಲ್ಲ, ಅದು."

ಹಿತಾ ಕೆಂಪಾದಳು. ಸಂಜೆ ಕ್ಲಾಸಿನಲ್ಲಿ ಕಲಿತ ಡಚ್‌ನಲ್ಲಿ ಪದ ಹುಡುಕುತ್ತಾ, "ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಹಾಗೆ ಮಾಡ್ತೀವಿ. ತಪ್ಪಾಯ್ತು ಅಂತ," ಎಂದಳು.

"ಬಾಯಲ್ಲಿ ಹೇಳೋದಿಲ್ಲವಾ?"

"ಹೇಳಬೇಕಾಗೋದಿಲ್ಲ."

"ನಿನಗೆ ಒಳ್ಳೇ ಅನುಕೂಲ ಬಿಡು, ಮಗೂ. ಬಾಯಿ ಬಿಡೋದು ಅಂದರೆ ನಿನಗೆ ಎಷ್ಟು ಕಷ್ಟ ಅಂತ ನೋಡ್ತಾನೇ ಇದ್ದೀನಿ," ಎಂದು ಆಕೆ ನಕ್ಕರು.

ನಡಿಗೆ ಶುರುವಾಯಿತು. ಒಂದು, ಎರಡು, ಐದು, ಹತ್ತು. ಪಾದ ಒಮ್ಮೆ ಹಲಗೆಯ ಆಚೆ, ಒಮ್ಮೆ ಈಚೆ. ಪ್ರತಿ ಸಲವೂ ಹಿತಾ ಗೆರೆ ಸರಿಸಿ "ಇನ್ನೊಂದು ಸಲ" ಅನ್ನಬೇಕು. ಒಂದೊಂದು 'ಇನ್ನೊಂದು ಸಲ'ಕ್ಕೂ ಅವಳ ದನಿ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಹದಿನೆಂಟು ನಡಿಗೆಗೆ ಸಿಕ್ಕಿದ್ದು ಎರಡು. ಮೆವ್ರೌ ಸ್ಮೇಟ್ಸ್‌ರ ಮೇಲ್ದುಟಿಯಲ್ಲಿ ಬೆವರು ಮೂಡಿತ್ತು. ಅವರು ಗೋಡೆಗೆ ಕೈಕೊಟ್ಟು ನಿಂತು, "ನಾನು ಏನು ತಪ್ಪು ಮಾಡ್ತಿದ್ದೀನಿ?" ಎಂದು ಕೇಳಿದರು. ಬೈಯುವ ದನಿಯಲ್ಲಿ ಕೇಳಿದ್ದರೆ ಹಿತಾ ತಾಳಿಕೊಳ್ಳುತ್ತಿದ್ದಳೇನೋ. ಅವರು ಕೇಳಿದ್ದು ಲೆಕ್ಕ ತಪ್ಪಿದ ಹುಡುಗಿ ಟೀಚರನ್ನು ಕೇಳುವ ಹಾಗೆ. ಅಜ್ಜಿಯ ವಯಸ್ಸಿನವರನ್ನು ಬರಿಗಾಲಲ್ಲಿ ಹೀಗೆ ಹಿಂದೆ ಮುಂದೆ ಓಡಾಡಿಸುತ್ತಿರುವುದನ್ನು ಊರಲ್ಲಿ ಯಾರಾದರೂ ನೋಡಿದರೆ ಏನಂದಾರು ಎನ್ನಿಸಿ ಅವಳಿಗೆ ನಿಂತ ನೆಲ ಚುಚ್ಚಿತು.

"ಬಲಗಾಲು ಮೂರನೆಯ ಕಿಟಕಿಯ ನೇರಕ್ಕೆ ಬಂದರೆ ಸಾಕು," ಎಂದುಬಿಟ್ಟಳು.

ಮುಂದಿನ ಮೂರು ನಡಿಗೆಯೂ ಅಚ್ಚು ಒತ್ತಿದ ಹಾಗೆ ಬಂದವು. ಮೆವ್ರೌ ಸ್ಮೇಟ್ಸ್ ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಹಿತಾ ವ್ಲಾಯ್ ತಿಂದಳು.

ಆಮೇಲೆ ಅದು ರೂಢಿಯಾಯಿತು. ಎಲ್ಲರಿಗೂ ಹೇಳುತ್ತಿರಲಿಲ್ಲ, ದಣಿದವರಿಗೆ, ಏದುಸಿರು ಬಿಡುತ್ತಾ ಕೂತವರಿಗೆ ಮಾತ್ರ. ಹೇಳಿದ ದಿನವೆಲ್ಲ ಡೈರಿಯಲ್ಲಿ ಬರೆಯುತ್ತಿದ್ದಳು: 'ಇವತ್ತು ಶ್ರೀಯುತ ಪೀಟರ್ಸ್‌ಗೆ ಹೇಳಿಬಿಟ್ಟೆ.' 'ಇವತ್ತೂ ಹೇಳಿಬಿಟ್ಟೆ, ಅಕ್ಕತಂಗಿಯರಿಬ್ಬರಿಗೂ.' ಪ್ರಯೋಗಶಾಲೆಯ ದಪ್ಪ ದಾಖಲೆ ಪುಸ್ತಕದಲ್ಲಿ ಮಾತ್ರ ಅದನ್ನು ಬರೆಯಬೇಕಾದ ಜಾಗ ಖಾಲಿಯಾಗಿಯೇ ಉಳಿಯುತ್ತಿತ್ತು.

ಏಪ್ರಿಲ್ ಕೊನೆಗೆ ಅಳತೆ ಮುಗಿಯಿತು. ಮೇ ತಿಂಗಳ ಎರಡನೆಯ ವಾರ ಅವಳ ಮಾರ್ಗದರ್ಶಕಿ ಮರೈಕ ಯಾನ್ಸನ್ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಐವತ್ತೈದರ ಹೆಂಗಸು, ಗಿಡ್ಡ ಬಿಳಿಕೂದಲು, ಸೈಕಲ್ಲಿನ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟೇ ಮಾತಿಗೆ ತೊಡಗುವವರು. ವಿಭಾಗದಲ್ಲಿ ಎಲ್ಲರೂ ಅವರನ್ನು ಮರೈಕ ಎಂದೇ ಕರೆಯುತ್ತಿದ್ದರು, ಕಾಫಿ ಮಷಿನ್ನು ರಿಪೇರಿಗೆ ಬರುವವನೂ ಸೇರಿ. ಹಿತಾಳಿಗೆ ಮಾತ್ರ ಆ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಗುರುವನ್ನು ಹೆಸರು ಹಿಡಿದು ಕರೆಯುವುದು ಹೇಗೆ? 'ಮೇಡಂ' ಅಂದರೆ ಅವರು ನಗುತ್ತಿದ್ದರು. ಹಾಗಾಗಿ ಎಂಟು ತಿಂಗಳಿಂದ ಅವರನ್ನು ಏನೂ ಕರೆಯದೆ, ಅವರು ತಿರುಗಿ ನೋಡುವವರೆಗೆ ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದಳು.

"ನೋಡು ಇಲ್ಲಿ," ಮರೈಕ ಪರದೆಯ ಮೇಲೆ ಬೆರಳಿಟ್ಟರು. "ಬೀಳದವರ ಹೆಜ್ಜೆಗಳು ಒಂದೇ ಸಮ. ಬಿದ್ದವರದು ಹಲಗೆಗೆ ಬರುವ ಮೊದಲು ಉದ್ದ, ಗಿಡ್ಡ, ಉದ್ದ. ಒಬ್ಬಿಬ್ಬರಲ್ಲ, ಗುಂಪಿಗೆ ಗುಂಪೇ ಹಾಗೆ. ಚಂದ ಇದೆ, ಹಿತಾ. ಸಂಶಯ ಪಡಬೇಕಾದಷ್ಟು ಚಂದ ಇದೆ."

ಅವರು ಹೇಳಿದ್ದು ತಮಾಷೆಗೆ. ಹಿತಾಳೂ ನಕ್ಕಳು.

ಸಮಿತಿಯ ಸಭೆ ಜೂನ್ ಹದಿನೇಳರ ಗುರುವಾರಕ್ಕೆ ಗೊತ್ತಾಯಿತು. ಈ ಫಲಿತಾಂಶ ಕೈಯಲ್ಲಿದ್ದರೆ ಅದು ಬರೀ ಕಾಫಿ ಕುಡಿಯುವ ಸಭೆ ಎಂದರು ಮರೈಕ. ಬಂದು ನಡೆದುಕೊಟ್ಟವರಿಗೆ ಅವರವರ ಫಲಿತಾಂಶ ತಿಳಿಸುವುದು ನ್ಯಾಯ ಎಂದು ಅವರೇ ಒಂದು ಹಾಳೆಯ ಪತ್ರ ಬರೆಸಿದರು: 'ನಿಮ್ಮ ಹೆಜ್ಜೆಗಳಲ್ಲಿ ಏರುಪೇರು ಕಂಡಿದೆ, ನಿಮ್ಮ ವೈದ್ಯರೊಂದಿಗೆ ಮಾತನಾಡಿ.' ಲಕೋಟೆಗಳ ಮೇಲೆ ವಿಳಾಸ ಬರೆದು ಅಂಚೆಗೆ ಹಾಕಿದ್ದು ಹಿತಾ. ಆ ಎರಡು ವಾರ ಅವಳ ಡೈರಿಯಲ್ಲಿ ಚಿಂತೆಯ ಸುದ್ದಿಯೇ ಇರಲಿಲ್ಲ. ಚೆಸ್ಟ್‌ನಟ್ ಮರಗಳು ಹೂ ಬಿಟ್ಟದ್ದು, ಸಾಸಿವೆ ಸಿಕ್ಕ ಅಂಗಡಿ, ಸೈಕಲ್ ಬೆಲ್ಲಿನ ರಿಪೇರಿ, ಇಷ್ಟೇ.

ಮೇ ಕೊನೆಯ ಭಾನುವಾರ ಬೆಳಿಗ್ಗೆ ಫೋನ್ ಕಾರ್ಡು ಹಾಕಿ ಗದಗಿಗೆ ಮಾತಾಡಿದಳು.

"ಹೆಂಗದೀಯವ್ವಾ?" ಬಸವಂತಪ್ಪನವರ ದನಿ ಮೈದಾನದ ದನಿ, ಫೋನಿನಲ್ಲೂ ಅದು ಸಣ್ಣದಾಗುತ್ತಿರಲಿಲ್ಲ.

"ಆರಾಮ ಅದೀನಪ್ಪಾ. ನೀವೇನ್ ಮಾಡಾಕ್ಹತ್ತೀರಿ?"

"ಸೂಟಿ ಕ್ಯಾಂಪ್ ನಡದೈತಿ. ಈ ಸಲ ವಿಜಯಾ ಅಂತ ಒಂದು ಹುಡುಗಿ ಬಂದಾಳ, ಲಾಂಗ್ ಜಂಪ್‌ಗೆ. ಓಡಿ ಬರೂದು ನೋಡಿದ್ರ ಜಿಂಕಿ ಬಂದಂಗ ಬರ್ತಾಳ. ಜಿಗಿಯೂ ಹಲಗಿ ಹತ್ರ ಬಂದ್ಲಂದ್ರ ಮುಗೀತು. ಉದ್ದ ಹೆಜ್ಜಿ, ಗಿಡ್ಡ ಹೆಜ್ಜಿ, ಮತ್ತ ಉದ್ದ."

ಹಿತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. "ಯಾಕಪ್ಪಾ ಹಂಗ?"

"ಯಾಕಂದ್ರ? ಹಲಗಿ ನೋಡ್ತಾಳ. ನಿನಗೂ ಅದ ಚಟ ಇತ್ತಲ್ಲ, ಮರತಿ ಏನು? ಕಣ್ಣು ಹಲಗಿ ಮ್ಯಾಲೆ ಹೋತಂದ್ರ ಹೆಜ್ಜಿ ಕೆಡತೈತಿ. ಯಾರದಾರ ಇರ್ಲಿ. ನಿನ್ನೆ ನಾ ಏನ್ ಮಾಡಿದೆ, ಹಲಗಿ ಮ್ಯಾಲೆ ಒಂದ್ ಬುಟ್ಟಿ ಮಣ್ಣು ಸುರವಿ ಮುಚ್ಚಿಬಿಟ್ಟೆ. ಈಗ ಓಡವ್ವಾ ಅಂದೆ. ಹೆಜ್ಜಿ ತಾನ ಸರಿ ಬಿತ್ತು." ಅವರು ನಕ್ಕರು. ಆಮೇಲೆ, "ಅದೀಯೇನು? ಲೈನ್ ಕಟ್ ಆತೇನು?"

"ಇಲ್ಲೇ ಅದೀನಪ್ಪಾ."

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಯೋಗಶಾಲೆಗೆ ಹೋಗಿ, ನಡಿಗೆಗಳನ್ನು ಹಿಡಿದಿಟ್ಟ, ಯಾರೂ ತೆಗೆದು ನೋಡದ ವಿಡಿಯೋ ಕ್ಯಾಸೆಟ್ಟುಗಳನ್ನು ಇಳಿಸಿಕೊಂಡಳು. ಅಲ್ಲಿಯವರೆಗೆ ಎಲ್ಲರೂ ನೋಡಿದ್ದು ಅಂಕಿಗಳನ್ನು. ಮುಖ ಇದ್ದದ್ದು ಕ್ಯಾಸೆಟ್ಟಿನಲ್ಲಿ. ಮೊದಲ ಹದಿನೆಂಟು ನಡಿಗೆಯಲ್ಲಿ ಮೆವ್ರೌ ಸ್ಮೇಟ್ಸ್ ಎದುರು ಗೋಡೆ ನೋಡುತ್ತಾ ನಡೆಯುತ್ತಾರೆ, ನಿಧಾನ, ಆದರೆ ಒಂದೇ ಸಮ. ಹತ್ತೊಂಬತ್ತನೆಯದರಲ್ಲಿ ಅವರ ಕಣ್ಣು ಕಿಟಕಿಯತ್ತ ಹೊರಳುತ್ತದೆ, ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ಉದ್ದ, ಗಿಡ್ಡ, ಉದ್ದ. ಪಾದ ಹಲಗೆಯ ನಟ್ಟನಡುವೆ.

ಹಿತಾ ಡೈರಿ ತೆಗೆದು 'ಹೇಳಿಬಿಟ್ಟೆ' ಅಂತ ಇದ್ದಲ್ಲೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಹೋದಳು. ಬಿದ್ದವರು ಇಪ್ಪತ್ತು ಜನ. ಅವರಲ್ಲಿ ಹದಿನಾಲ್ಕು ಜನಕ್ಕೆ ಹೇಳಿದ್ದಳು. ಬೀಳದವರು ಇಪ್ಪತ್ತು, ಅವರಲ್ಲಿ ಒಬ್ಬರಿಗೆ. ಬಿದ್ದವರೇ ಹೆಚ್ಚು ದಣಿಯುತ್ತಿದ್ದರು, ದಣಿದವರಿಗೇ ಅವಳು ಹೇಳುತ್ತಿದ್ದಳು. ಮರೈಕ ಬೆರಳಿಟ್ಟು ತೋರಿಸಿದ ಚಂದದ ಏರುಪೇರನ್ನು ಮುದುಕರ ಕಾಲಿಗೆ ಕಟ್ಟಿದವಳು ಅವಳೇ. ಹಾಗೆ ಕಟ್ಟಿ, ಲಕೋಟೆಗೆ ಹಾಕಿ, ಅವರವರ ಮನೆಗೆ ಕಳಿಸಿಯೂ ಆಗಿತ್ತು.

ಆ ದಿನದ ಪುಟದಲ್ಲಿ ಅವಳು ಸಮಾಧಾನದ ಸಾಲು ಬರೆಯಲಿಲ್ಲ.

ಎರಡು ವಾರ ಹಾಗೆಯೇ ಹೋಯಿತು. ದಿನಾ ಮರೈಕರ ಬಾಗಿಲಿನವರೆಗೆ ಹೋಗುವಳು, ಅವರು ತಿರುಗಿ ನೋಡಿದೊಡನೆ ಬೇರೆ ಏನನ್ನಾದರೂ ಕೇಳಿ ಹಿಂದಿರುಗುವಳು. ಹೀಗೆ ಆ ಎರಡು ವಾರದಲ್ಲಿ ಪ್ರಿಂಟರಿನ ಕಾಗದದ ಬಗ್ಗೆಯೇ ಮೂರು ಸಲ ಕೇಳಿದಳು. ಸಭೆಗೆ ಐದು ದಿನ ಉಳಿದಾಗ, ಶನಿವಾರ, ರೈಲು ಹತ್ತಿ ಉಟ್ರೆಕ್ಟ್‌ಗೆ, ಅಲ್ಲಿಂದ ಟ್ರಾಮಿನಲ್ಲಿ ನ್ಯೂವೆಗೈನ್‌ಗೆ, ನಾಗಮಣಿಯ ಮನೆಗೆ ಹೋದಳು. ನಾಗಮಣಿ ಸಾಫ್ಟ್‌ವೇರಿನವಳು. ಎರಡು ಸಾವಿರನೇ ಇಸವಿ ಬಂದೊಡನೆ ಕಂಪ್ಯೂಟರುಗಳ ತಾರೀಕು ಕೆಡದ ಹಾಗೆ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಅವಳದು.

"ನಮ್ಮ ಲ್ಯಾಬಲ್ಲಿ ಒಬ್ಬಳು ಇದ್ದಾಳೆ, ಪಾಪ," ಎಂದು ಹಿತಾ ಕುಕ್ಕರ್ ಎರಡು ಸಲ ಕೂಗಿದ ಮೇಲೆ ಶುರು ಮಾಡಿದಳು. ಹಲಗೆಯ ಕತೆ ಪೂರ್ತಿ ಹೇಳಿದಳು.

ನಾಗಮಣಿ ಹುಳಿಗೆ ಒಗ್ಗರಣೆ ಹಾಕಿ, ಒಲೆ ಆರಿಸಿ, ತಿರುಗಿದಳು. "ಆ ಪಾಪದವಳ ಊರು ಗದಗಾ?"

ಹಿತಾ ತಟ್ಟೆಗಳನ್ನು ತೆಗೆದು ಒರೆಸತೊಡಗಿದಳು.

"ನೋಡೇ, ನನ್ನ ಮಾತು ಕೇಳು. ಗುರುವಾರ ರಿವ್ಯೂ ಮುಗೀಲಿ. ಕಾಂಟ್ರಾಕ್ಟ್ ಸೈನ್ ಆಗ್ಲಿ. ಆಮೇಲೆ ನಿಧಾನಕ್ಕೆ, ಡೇಟಾ ಮತ್ತೆ ಚೆಕ್ ಮಾಡ್ದೆ, ಏನೋ ಪ್ರಾಬ್ಲಮ್ ಇದೆ ಅನ್ಸತ್ತೆ ಅಂತ ನೀನೇ ಎತ್ತು. ಎಷ್ಟು ಸಿನ್ಸಿಯರ್ ಹುಡುಗಿ ಅಂತ ಹೊಗಳ್ತಾರೆ ಬೇಕಾದ್ರೆ."

"ಅದು ಸುಳ್ಳಲ್ವಾ?"

"ಸುಳ್ಳು ಎಲ್ಲಿ ಬಂತು? ಟೈಮಿಂಗ್ ಅಷ್ಟೇ. ಈಗ್ಲೇ ಹೇಳಿದ್ರೆ ಏನಾಗತ್ತೆ ಗೊತ್ತಾ? ಇನ್ನೂ ಒಂದು ವರ್ಷ ಆಗಿಲ್ಲ, ಸೀದಾ ಪ್ಲೇನ್ ಹತ್ತಿಸ್ತಾರೆ. ಆಮೇಲೆ ಗದಗಲ್ಲಿ ಕೂತ್ಕೊಂಡು ಇಂದಿರಮ್ಮನ ಮಂಡಿನೋವಿಗೆ ಎಕ್ಸರ್‌ಸೈಜ್ ಹೇಳ್ಕೊಡು." ತಟ್ಟೆಗೆ ಅನ್ನ ಹಾಕುತ್ತಾ, "ಊಟ ಮಾಡು ಮೊದ್ಲು. ಮುಖ ನೋಡು, ಹಪ್ಪಳ ಆಗಿದೆ," ಎಂದಳು.

ಬರುವಾಗ ರೈಲಿನಲ್ಲಿ ಹಿತಾ ಡೈರಿಯಲ್ಲಿ ಎರಡೇ ಪದ ಬರೆದಳು: "ಸಹಿ ಆದಮೇಲೆ." ಬರೆದ ಮೇಲೆ ನಿಜವಾಗಿ ಹಗುರಾಯಿತು.

ಬುಧವಾರ ಮಧ್ಯಾಹ್ನ ಪ್ರಯೋಗಶಾಲೆಯ ಬಾಗಿಲು ತಟ್ಟಿದ ಸದ್ದು ಕೇಳಿ ತೆರೆದರೆ ಮೆವ್ರೌ ಸ್ಮೇಟ್ಸ್ ನಿಂತಿದ್ದರು. ಅವರ ಮುಂದೆ ನಾಲ್ಕು ಚಕ್ರದ, ತಂತಿ ಬುಟ್ಟಿಯ, ತಳ್ಳಿಕೊಂಡು ನಡೆಯುವ ಗಾಡಿಯೊಂದಿತ್ತು.

"ನನ್ನ ವ್ಲಾಯ್ ತಟ್ಟೆ ನಿನ್ನ ಹತ್ತಿರವೇ ಉಳೀತು," ಎಂದರು.

ಹೌದು, ತಟ್ಟೆ ಉಳಿದಿತ್ತು. ಬರಿದಾದ ತಟ್ಟೆಯನ್ನು ಹಿಂದಕ್ಕೆ ಕೊಡಬಾರದೆಂದು ಹಿತಾ ಅದನ್ನು ತೊಳೆದಿಟ್ಟು, ಏನಾದರೂ ಮಾಡಿ ತುಂಬಿಸುವ ದಿನಕ್ಕೆ ಕಾಯುತ್ತಾ ನಾಲ್ಕು ತಿಂಗಳು ಕಳೆದಿದ್ದಳು. ಕಳೆದ ವಾರವಷ್ಟೇ ಸಾಸಿವೆ, ಕರಿಬೇವು ಹಾಕಿ ಅವಲಕ್ಕಿ ಚೂಡಾ ಮಾಡಿ ಇಲ್ಲಿಗೆ ತಂದಿಟ್ಟಿದ್ದಳು. ಡಬ್ಬಿಯಿಂದ ತಟ್ಟೆಗೆ ಸುರಿಯುವಾಗ ನಾಲ್ಕು ಕಾಳು ನೆಲಕ್ಕೆ ಬಿದ್ದವು.

"ಇದು ಯಾವಾಗಿನಿಂದ?" ಗಾಡಿಯತ್ತ ನೋಡದೆ ಕೇಳಿದಳು.

"ನಿಮ್ಮ ಕಾಗದ ಬಂತಲ್ಲ. ಡಾಕ್ಟರು ನೋಡಿ, ಇದಿಲ್ಲದೆ ಹೊರಗೆ ಹೋಗಬೇಡಿ ಅಂದರು. ಇದನ್ನ ತಳ್ಳಿಕೊಂಡು ಶುಕ್ರವಾರದ ಸಂತೆಗೆ ಹೋಗೋಕಾಗುತ್ತಾ, ಆ ಕಲ್ಲುಹಾಸಿನ ಮೇಲೆ? ಬಿಟ್ಟೆ. ಮೀನು ಪಕ್ಕದ ಮನೆಯವಳು ತಂದುಕೊಡ್ತಾಳೆ. ಅವಳಿಗೆ ಮೀನು ನೋಡಿ ಆರಿಸೋಕೆ ಬರೋದಿಲ್ಲ, ಕೊಟ್ಟಿದ್ದನ್ನ ತರ್ತಾಳೆ." ಅವರು ದನಿ ತಗ್ಗಿಸಿದರು. "ಮೊದಲು ನಡೆಯೋದು ಅಂದರೆ ಯೋಚನೆಯೇ ಇರಲಿಲ್ಲ, ಮಗೂ. ಈಗ ಒಂದೊಂದು ಹೆಜ್ಜೆಗೂ ನೆಲ ನೋಡ್ತೀನಿ. ನೋಡಿದಷ್ಟೂ ಎಡವಿದ ಹಾಗಾಗುತ್ತೆ."

ಗಾಡಿ ತಿರುಗಿಸುವಾಗ ಅದರ ಚಕ್ರ ಹಿತಾಳ ಬೂಟಿನ ತುದಿ ಹತ್ತಿತು. ಮೆವ್ರೌ ಸ್ಮೇಟ್ಸ್ ಗಾಡಿಯನ್ನು ನಿಲ್ಲಿಸಿ, ಬಗ್ಗಲಾರದೆ ಹಿತಾಳ ತೋಳು ಮುಟ್ಟಿ, ಎರಡು ಬೆರಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಒಂದು ಬೆರಳು ಕನ್ನಡಕಕ್ಕೆ ತಾಗಿತು.

"ಹೀಗೇನಾ? ಸರಿ ಮಾಡಿದೆನಾ?"

"ಸರಿ," ಎಂದಳು ಹಿತಾ.

"ಇದರಲ್ಲಿ ಏನೇನಿದೆ? ಇಲ್ಲಿ ಬೆಳಕಿಲ್ಲ," ಎಂದು ಆಕೆ ಚೂಡಾದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು, ಓಣಿಯಂಥ ಆ ಪಡಸಾಲೆಯ ಕೊನೆಯ ಕಿಟಕಿಯತ್ತ ನಡೆದರು. "ಇದು ಕಡಲೆಬೀಜ. ಈ ಎಲೆ ಯಾವುದು? ತಿನ್ನೋದಾ, ತೆಗೆದಿಡೋದಾ?" ಎನ್ನುತ್ತಾ ತಟ್ಟೆಯ ಮೇಲೇ ಕಣ್ಣಿಟ್ಟು ನಡೆದರು.

ಹಿತಾ ಅವರ ಕಾಲು ನೋಡಿದಳು. ನೋಡದೆ ಇರಲಾಗಲಿಲ್ಲ, ಡ್ರಿಲ್ ಮಾಸ್ತರರ ಮಗಳು. ಹದಿನಾರು ಹೆಜ್ಜೆ. ನಿಧಾನ, ಗಿಡ್ಡ, ಬಲಗಾಲು ತುಸು ಹೊರಮುಖ. ಹದಿನಾರೂ ಒಂದೇ ಸಮ. ಬಟ್ಟಲಿನ ಅಂಚಿಗೆ ಎಳೆದ ಗೆರೆಯ ಹಾಗೆ.

ಲಿಫ್ಟಿನವರೆಗೆ ಕಳಿಸಲು ಹೋದಳು. ಡಚ್‌ನಲ್ಲಿ ಆ ವಾಕ್ಯ ಹೇಗೆ ಶುರುವಾಗಬೇಕೆಂದು ಅವಳಿಗೆ ಗೊತ್ತಿತ್ತು; ಕ್ರಿಯಾಪದ ಎಲ್ಲಿ ಬರಬೇಕೆಂದೂ ಗೊತ್ತಿತ್ತು. ಆದರೆ ಲಿಫ್ಟಿನ ಬಾಗಿಲು ತೆರೆದಾಗ ಅವಳಿಂದ ಆದದ್ದು ಇಷ್ಟೇ: ಬಗ್ಗಿ, ಮೆವ್ರೌ ಸ್ಮೇಟ್ಸ್‌ರ ಪಾದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು.

"ಈಗ ಯಾಕೆ?" ಅವರು ಅಚ್ಚರಿಯಿಂದ ಕೇಳಿದರು. "ಈಗ ಕಾಲು ತಾಗಲಿಲ್ಲವಲ್ಲ."

ಬಾಗಿಲು ಮುಚ್ಚಿತು.

ಗುರುವಾರ ಹತ್ತು ಗಂಟೆಗೆ ಸಭೆ. ಹಿತಾ ಡೈರಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೋದಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ದುಂಡು ಮೇಜು, ಮೂರು ಜನ, ನಾಲ್ಕು ಕಪ್ಪು ಕಾಫಿ, ತಲೆಗೊಂದು ಬಿಸ್ಕತ್ತು. ಮರೈಕರ ಎಡಕ್ಕೂ ಬಲಕ್ಕೂ ಕೂತಿದ್ದ ಪ್ರಾಧ್ಯಾಪಕರಿಬ್ಬರೂ ವರದಿಯನ್ನು ಮೊದಲೇ ಓದಿದ್ದರು. ಒಬ್ಬರು, ಇಷ್ಟು ಬೇಗ ಇಷ್ಟು ಸ್ಪಷ್ಟ ಫಲಿತಾಂಶ ಕಂಡಿದ್ದು ಕಡಿಮೆ ಎಂದರು. ಇನ್ನೊಬ್ಬರು, ಶರತ್ಕಾಲದ ಸಮ್ಮೇಳನಕ್ಕೆ ಕಳಿಸಬಹುದಲ್ಲ ಎಂದರು. ಕೇಳಿದ್ದಕ್ಕೆಲ್ಲ ಹಿತಾ ಉತ್ತರ ಕೊಟ್ಟಳು. ಎಲ್ಲವೂ ಕ್ಯಾಮೆರಾ, ಅಂಕಿ, ಗಣಿತದ ಪ್ರಶ್ನೆಗಳು. ಅವಳು ಬಾಯಿ ಬಿಟ್ಟು ಏನು ಹೇಳಿದ್ದಳೆಂದು ಯಾರೂ ಕೇಳಲಿಲ್ಲ. ಅವಳು ಬಾಯಿ ಬಿಡುವವಳಲ್ಲ ಎಂಬುದು ವಿಭಾಗಕ್ಕೆಲ್ಲ ಗೊತ್ತಿತ್ತು.

ಹತ್ತೂ ಮುಕ್ಕಾಲಿಗೆ ಮಾತು ಮುಗಿಯಿತು. ಮರೈಕ ಫಾರಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡು, ಪೆನ್ನು ತೆಗೆದು, ಕಡೆಯ ಸಾಲಿಗೆ ಬಂದರು. ಅಲ್ಲಿ ಅಚ್ಚಾಗಿದ್ದ ಪ್ರಶ್ನೆಯನ್ನು ಓದಲೇಬೇಕಾಗಿತ್ತು. ಎಲ್ಲರೂ ಅದಕ್ಕೆ 'ಇಲ್ಲ' ಅನ್ನುತ್ತಿದ್ದರು.

"ನಿನ್ನ ಕಡೆಯಿಂದ ಸೇರಿಸೋದು ಏನಾದರೂ ಇದೆಯಾ, ಹಿತಾ?"

ಪೆನ್ನು ಆಗಲೇ ಸಹಿಯ ಜಾಗಕ್ಕೆ ಇಳಿದಿತ್ತು. ಹೊರಗೆ ಯಾರದೋ ಸೈಕಲ್ಲು ಸ್ಟ್ಯಾಂಡಿನಿಂದ ಜಾರಿ ಬಿದ್ದ ಸದ್ದು ಕೇಳಿತು. ಹಿತಾ ಕಣ್ಣು ಕೆಳಗೆ ಹಾಕಲು ಹೋದವಳು, ಮೇಜಿನ ಅಂಚಿನವರೆಗೆ ಬಂದು, ಮತ್ತೆ ಮೇಲೆತ್ತಿ ಎದುರು ನೋಡಿದಳು.

"ಮರೈಕ," ಎಂದಳು.

ಪೆನ್ನು ನಿಂತಿತು. ಒಂಬತ್ತು ತಿಂಗಳಲ್ಲಿ ಅದೇ ಮೊದಲ ಸಲ ಆ ಹೆಸರು ಆ ಬಾಯಿಂದ ಬಂದದ್ದು. ಅದು ಮರೈಕರಿಗೂ ಗೊತ್ತಾಯಿತು. ಅವರು ಪೆನ್ನನ್ನು ಕೆಳಗಿಟ್ಟು, ಇಡೀ ಮುಖವನ್ನು ಇವಳ ಕಡೆಗೆ ತಿರುಗಿಸಿದರು.

ಹಿತಾ ಚೀಲದಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟಳು. ಅವರಿಗೆ ಓದಲು ಬಾರದ ಲಿಪಿಯಲ್ಲಿ ಹದಿನೈದು ಪೆನ್ಸಿಲ್ ಗುರುತುಗಳಿದ್ದವು ಅದರಲ್ಲಿ. ಓದಿ ಹೇಳುವವಳು ಅವಳೊಬ್ಬಳೇ.

"ಹಲಗೆ ಎಲ್ಲಿದೆ ಅಂತ ಅವರಿಗೆ ನಾನು ಹೇಳಿದ್ದೆ."